ತುಟಿ ಬಿಚ್ಚದೆ ಬಂದ ನಲವತ್ತೆಂಟು ಅಂಕ

ಹಾಸ್ಟೆಲ್, ಮಹಡಿಯ ಕೋಣೆ
ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಆಸ್ಪತ್ರೆಯಲ್ಲಿ ಕಂಡವರಿಗೆಲ್ಲ ಇಂಜೆಕ್ಷನ್ ಚುಚ್ಚುವ ನೀನು ನಿನ್ನ ಕೆಮ್ಮಿಗೆ ಔಷಧಿ ತೆಗೆದುಕೊಂಡೆಯೋ ಇಲ್ಲವೋ? ನಾನು ಚೆನ್ನಾಗಿದ್ದೇನೆ, ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿರುವುದೊಂದನ್ನು ಬಿಟ್ಟರೆ.

ಎಂ.ಎ. ಪರೀಕ್ಷೆ ಮುಗಿಯಿತು. ನಮ್ಮ ಭಾಷಾ ವಿಭಾಗದಲ್ಲಿ ಪರೀಕ್ಷೆ ಎಂದರೇನು ಗೊತ್ತೇ? ಪ್ರೊಫೆಸರು ಎರಡು ವರ್ಷ ನೋಟ್ಸ್ ಹೇಳಿ ಬರೆಸುತ್ತಾರೆ, ನಾವು ಅದನ್ನೇ ಉತ್ತರಪತ್ರಿಕೆಯಲ್ಲಿ ಕಕ್ಕುತ್ತೇವೆ, ಅವರು ತಮ್ಮ ಮಾತನ್ನೇ ಓದಿ ತಲೆದೂಗಿ ಅಂಕ ಹಾಕುತ್ತಾರೆ. ಸ್ವಂತ ಬುದ್ಧಿ ಓಡಿಸಿದವನಿಗೆ ಕೆಂಪು ಗೀಟು. ಅದನ್ನೆಲ್ಲ ನುಂಗಿಕೊಂಡಿದ್ದೆ. ನನಗೆ ಭಯವಿದ್ದದ್ದು ಇವತ್ತಿನ ಮೌಖಿಕ ಪರೀಕ್ಷೆಯದು. ನನ್ನ ಉಗ್ಗು ನಿನಗೆ ಗೊತ್ತಲ್ಲ. ರಜೆಯಲ್ಲಿ ನೀನೇ ಪರೀಕ್ಷಕಿಯಾಗಿ ಸ್ಟೂಲಿನ ಮೇಲೆ ಕೂತು, "ನಿಧಾನಕ್ಕೆ ಹೇಳೋ, ನಂಗೇನೂ ಬಸ್ ಹಿಡಿಯೋದಿಲ್ಲ" ಎನ್ನುತ್ತಿದ್ದೆ. ನಾನು ಎಷ್ಟು ತಯಾರಾಗಿದ್ದೆ ಅಕ್ಕಾ!

ಪರೀಕ್ಷಕರು ಇಬ್ಬರು: ನಮ್ಮ ಪ್ರೊಫೆಸರು, ಬೇರೆ ವಿಶ್ವವಿದ್ಯಾಲಯದಿಂದ ಬಂದ ಇನ್ನೊಬ್ಬರು. ಹೊರಗಿನವರು ಒಂದು ಹಳೆಯ ಕಾವ್ಯದ ಕಾಲ ಕೇಳಿದರು. ನಾನು ಬಾಯಿ ತೆರೆದೆ, ಮೊದಲ ಅಕ್ಷರ ಸಿಕ್ಕಿಕೊಂಡಿತು. ಅಷ್ಟರಲ್ಲಿ ನಮ್ಮವರು, "ಹತ್ತನೇ ಶತಮಾನ ಅಂತ ನಾನೇ ಪಾಠ ಮಾಡಿದೀನಲ್ಲ" ಎಂದರು. "ಯಾರ್ರೀ ಹೇಳಿದ್ದು ಹತ್ತು? ಹನ್ನೆರಡು!" ಎಂದರು ಅವರು. ಹತ್ತಿಕೊಂಡಿತು ನೋಡು ಜಗಳ! ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಹರಾಜು ಹಾಕಿದರು. ಟೀ ಬಂತು, ಕುಡಿದು ಮತ್ತೆ ಶುರು ಮಾಡಿದರು. ಕೊನೆಗೆ ಹೊರಗಿನವರು ಸುಸ್ತಾಗಿ, "ಹುಡುಗ ಗಟ್ಟಿ ಇದ್ದಾನೆ, ದೊಡ್ಡವರ ಮಧ್ಯೆ ಬಾಯಿ ಹಾಕೋದಿಲ್ಲ" ಎಂದು ಐವತ್ತಕ್ಕೆ ನಲವತ್ತೆಂಟು ಕೊಟ್ಟರು. ಇಡೀ ವಿಭಾಗಕ್ಕೇ ಹೆಚ್ಚು! ನಾನು ಉಗ್ಗುತ್ತೇನೆ ಎಂಬುದೂ ಈ ಮಹಾಪಂಡಿತರಿಗೆ ತಿಳಿಯಲಿಲ್ಲ.

ಗೆಳೆಯರು ಕೈಕುಲುಕಿದರು. ನನಗೆ ಅಳು ಬಂತು. ನಾಳೆ ಮೇಷ್ಟ್ರಾಗಿ ತರಗತಿಯಲ್ಲಿ ನಿಂತಾಗಲೂ ಹೀಗೇ ಬಾಯಿ ಮುಚ್ಚಿಕೊಂಡಿರಲೇ?

ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ಮಹಾಮೌನಿ ತಮ್ಮ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ನಡೆದದ್ದು. ಕಾಗದ ಮಡಚಿಟ್ಟು ವಿಭಾಗಕ್ಕೆ ವಾಪಸು ಹೋದೆ. "ನನ್ನ ಉತ್ತರ ನೀವು ಕೇಳಲೇ ಇಲ್ಲ, ಆ ಅಂಕ ಹೊಡೆದುಹಾಕಿ, ಮತ್ತೆ ಕೇಳಿ" ಎಂದೆ. "ತಲೆ ಕೆಟ್ಟಿದೆಯಾ ನಿಂಗೆ?" ಎಂದರು ನಮ್ಮವರು. ಕೊನೆಗೆ ಅಂಕ ಹೊಡೆದುಹಾಕಿದರು. ನಾಳೆ ಬೆಳಿಗ್ಗೆ ಮತ್ತೆ ಪರೀಕ್ಷೆ. ಫೇಲಾದರೂ ಆಗಬಹುದು. ಅಷ್ಟು ಹೇಳುವುದಕ್ಕೆ ನಾನು ಉಗ್ಗುತ್ತ ಒದ್ದಾಡುತ್ತಿದ್ದಾಗ ಹೊರಗಿನವರು ಬ್ಯಾಗು ಹಿಡಿದು, ಬಸ್ಸು ಹೊರಟುಹೋಗುತ್ತದೆ ಎಂದು ಚಡಪಡಿಸಿದರು. ಹೊರಟೂ ಹೋಯಿತು. ನಾನು ಮಾತ್ರ ಪೂರ್ತಿ ಹೇಳಿ ಮುಗಿಸಿದೆ. ನಂಗೇನೂ ಬಸ್ ಹಿಡಿಯೋದಿರಲಿಲ್ಲ, ಅಕ್ಕಾ.