ನಲವತ್ತೊಂದು ನಿಮಿಷ

ಮಾರ್ಚ್ ೩, ಸೋಮವಾರ

ಒಂಬತ್ತು ಫೋನು. ನಾಲ್ಕು ಜನ ಎತ್ತಲೇ ಇಲ್ಲ. ಒಬ್ಬರು ಎತ್ತಿ, ತಮ್ಮ ಹೆಸರು ಹೇಳಿ, ನಾನು ಯಾರು ಅಂತ ತಿಳಿದ ಮೇಲೆ "ರಾಂಗ್ ನಂಬರ್" ಅಂದ್ರು. ಇಂಥವರನ್ನೂ ನೋಡಿದ ಹಾಗಾಯ್ತು.

ಈ ತಿಂಗಳಿಗೆ ಇದೇ ಕೆಲಸ. ನಮ್ಮ ವಿಮಾನ ಬಿಟ್ಟು ಬೇರೆಯವರದು ಹತ್ತಿದ ಹಳೇ ಗಿರಾಕಿಗಳ ಪಟ್ಟಿ. ನಲವತ್ತು ಜನ. ಎಲ್ಲ ಚಿನ್ನದ ಕಾರ್ಡಿನವರು — ಹತ್ತು, ಹದಿನೈದು ವರ್ಷ ಬೇರೆ ಕಂಪನಿಯ ಮೆಟ್ಟಿಲು ತುಳಿಯದವರು. ಫೋನ್ ಮಾಡಿ "ಯಾಕೆ ಬಿಟ್ರಿ?" ಅಂತ ಕೇಳಬೇಕು. ಓಡಿಹೋದ ಗಂಡನಿಗೆ ಫೋನ್ ಮಾಡಿ ಕಾರಣ ಕೇಳಿದ ಹಾಗೆ. ಫಾರ್ಮಿನಲ್ಲಿ ಐದು ಖಾನೆ: ದರ, ವೇಳೆ, ಸೀಟು, ಊಟ, ಇತರೆ.

ಪರ್ಸೆಂಟ್ ಸಾಹೇಬ್ರು ಮಧ್ಯಾಹ್ನವೇ ಬಂದು ಭವಿಷ್ಯ ಹೇಳಿ ಹೋದ್ರು. "ನೋಡ್ತಿರಿ, ಎಂಬತ್ತು ಪರ್ಸೆಂಟ್ ದರ ಅಂತಾರೆ." ನಮ್ಮ ಮ್ಯಾನೇಜರ್ ಅವರು. ಮಗಳ ಮದುವೆಗೆ ಎಷ್ಟು ಜನ ಬಂದಿದ್ರು ಸರ್ ಅಂದ್ರೆ "ಅರವತ್ತೆರಡು ಪರ್ಸೆಂಟ್" ಅಂದವರು. ತಿಂಗಳ ಕೊನೆಗೆ ವರದಿ ಕೊಡಬೇಕು. ಚೆನ್ನಾಗಿ ಕೊಟ್ಟರೆ ವಿಭಾಗದ ಮುಖ್ಯಸ್ಥೆಯ ಕುರ್ಚಿ ನನಗೆ ಅಂತ ಸೂಚನೆ. ಆಸೆ ಇದೆ. ಸುಳ್ಳು ಯಾಕೆ ಬರೀಲಿ ಇಲ್ಲಿ.

ಒಬ್ಬ ಕಂಟ್ರಾಕ್ಟರ್ — "ನಿಮ್ಮ ಸ್ಯಾಂಡ್‌ವಿಚ್ ನೀವು ತಿಂದಿದೀರಾ ಮೇಡಂ?" ತಿಂದಿದೀನಿ. 'ಊಟ' ಖಾನೆಗೆ ಗುರುತು ಹಾಕಿದೆ.

ಮಾರ್ಚ್ ೫, ಬುಧವಾರ

ಪಂಪು ರಿಪೇರಿಯವರು. ದೊಡ್ಡ ದೊಡ್ಡ ಕಾರ್ಖಾನೆಯ ಪಂಪು ಕೆಟ್ಟರೆ ಇವರೇ ಹಾರಿಹೋಗಬೇಕು. ಹದಿನಾರು ವರ್ಷ ನಮ್ಮಲ್ಲಿ.

"ದರ ಗಿರ ಎಂಥದೂ ಅಲ್ಲ ತಾಯೀ. ಆ ಕಡೆ ಟಿಕೆಟ್ ಇನ್ನೂ ಜಾಸ್ತಿ."

"ಮತ್ತೆ?"

"ಒಂದ್ಸಲ ಅವಸರದಲ್ಲಿ ಪಾನಾ, ಸ್ಪ್ಯಾನರು ಎಲ್ಲ ಕೈಚೀಲಕ್ಕೇ ತುಂಬ್ಕೊಂಡು ಬಂದಿದ್ದೆ. ಒಳಗೆ ತಪಾಸಣೆಯವರು ಕಂಡಿದ್ರೆ ಕಿತ್ಕೊಂಡು ಡಬ್ಬಕ್ಕೆ ಹಾಕ್ತಿದ್ರು. ನನ್ನ ಗುರುಗಳು ಕೊಟ್ಟ ಪಾನಾ ಅವು. ನಿಮ್ಮ ಕೌಂಟರಿನಲ್ಲಿ ಒಬ್ಬರು ಅಮ್ಮ ಇದ್ರು. ನಾನು ಚೀಲ ಹೆಗಲಿಗೆ ಹಾಕ್ಕೊಳ್ಳೋದು ನೋಡಿ, ಇದು ಬಟ್ಟೆ ಭಾರ ಅಲ್ವಲ್ಲ ಅಂದ್ರು. ಬಿಚ್ಚಿಸಿದ್ರು. ಎಲ್ಲ ದೊಡ್ಡ ಪೆಟ್ಟಿಗೆಗೆ ಹಾಕಿಸಿ, ಬಾಯಿಗೆ ಹಗ್ಗ ಕಟ್ಟಿಸಿದ್ರು. ಹಿಂದೆ ಸಾಲು ಗೊಣಗ್ತಾನೇ ಇತ್ತು. ಅವರು ತಲೆ ಎತ್ತಬೇಕಲ್ಲ! ಆಮೇಲೆ ಒಂದಿನ ಅವರು ಕಾಣಲಿಲ್ಲ. ಕೇಳಿದ್ರೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಆ ಕಡೆಯವರ ಕೌಂಟರಿನಲ್ಲಿ ಕಂಡ್ರು. ನಾನೂ ಆ ಕಡೆ ಹೋದೆ. ಅಷ್ಟೇ."

"ಅವರ ಹೆಸರು?"

"ಹೆಸರು ಕೇಳಿದವನಲ್ಲ. ಕನ್ನಡಕಕ್ಕೆ ಕೆಂಪು ದಾರ ಕಟ್ಟಿರ್ತಾರೆ ನೋಡಿ..."

ಆ ದಾರ ಕಟ್ಟಿಕೊಟ್ಟವಳು ನಾನು. ಅತ್ತಿಗೆ.

'ಇತರೆ' ಅಂತ ಗುರುತು ಹಾಕಿದೆ. ಎಷ್ಟು ಖುಷಿ ಆಯ್ತು ಅಂದ್ರೆ ಎದ್ದು ಹೋಗಿ ಎರಡು ಲೋಟ ನೀರು ಕುಡಿದೆ. ನಮ್ಮ ಅತ್ತಿಗೆ! ಮನೆಗೆ ಹೋದ ಕೂಡಲೇ ಹೇಳಬೇಕು ಅಂದುಕೊಂಡೆ. ಹೋದೆ. ಅತ್ತಿಗೆ ಬಾಗಿಲು ತೆಗೆದು "ಬಾರಮ್ಮ ಶತ್ರು ಪಕ್ಷ, ಇವತ್ತು ನಮ್ಮವರಲ್ಲಿ ಎಷ್ಟು ಜನರನ್ನ ಸೆಳೆದೆ?" ಅಂದ್ರು. ದಿನಾ ಹೇಳೋ ತಮಾಷೆಯೇ. ಹೇಳದೆ ಚಪ್ಪಲಿ ಬಿಟ್ಟು ಒಳಗೆ ಹೋದೆ.

ಮಾರ್ಚ್ ೬, ಗುರುವಾರ, ಬೆಳಿಗ್ಗೆ ೭

ಬರೆದುಬಿಡೋಣ. ಎಲ್ಲೂ ಹೇಳಿಲ್ಲ ಇದನ್ನ.

ಹದಿನಾಲ್ಕು ತಿಂಗಳ ಹಿಂದೆ ನನ್ನ ಕೈಗೆ ಒಂದು ಸ್ಟಾಪ್‌ವಾಚ್ ಕೊಟ್ಟರು. ಏಳು ಕೌಂಟರು. ಯಾರು ಒಬ್ಬ ಪ್ರಯಾಣಿಕರಿಗೆ ಎಷ್ಟು ನಿಮಿಷ ತಗೋತಾರೆ, ಯಾರು ಖಾಲಿ ಕೂತಿರ್ತಾರೆ — ಒಂದು ದಿನ ಪೂರ್ತಿ ಅವರಿಗೆ ಕಾಣದ ಹಾಗೆ ಕಂಬದ ಹಿಂದೆ ನಿಂತು ಅಳೀಬೇಕು. ಸಾಹೇಬ್ರು ನಕ್ಕು, "ಮೂರನೇ ಕೌಂಟರು ನಿಮ್ಮತ್ತಿಗೆ ಅಲ್ವೇನ್ರೀ? ನೋಡ್ಕೊಂಡು ಬರೀರಿ ಮತ್ತೆ" ಅಂದ್ರು.

ಆ ನಗು ಚುಚ್ಚಿತು. ಅತ್ತಿಗೆ ಅಂತ ರಿಯಾಯ್ತಿ ತೋರಿಸಿದಳು ಅಂತ ಒಂದು ನರಪಿಳ್ಳೆ ಕೂಡ ಅನ್ನಬಾರದು ಅಂತ ಹಟ. ಬೇರೆಯವರದು ಅನುಮಾನ ಬಂದ ಕಡೆ ಬಿಟ್ಟುಬಿಟ್ಟೆ. ಅತ್ತಿಗೆಯದು ಅಳೆದು ಸುರಿದು ಬರೆದೆ. ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಎಲ್ಲರಿಗಿಂತ ನಿಧಾನ. ಅದರ ಮೇಲೆ ಆಗಾಗ ಫೋನ್ ಎತ್ತಿ ಮಾತು. ಒಟ್ಟು ನಲವತ್ತೊಂದು ನಿಮಿಷ. ಎದುರಿಗೆ ಬರೆದೆ — 'ಖಾಸಗಿ ಫೋನ್'.

ಯಾರಿಗೆ ಫೋನು ಅಂತ ಕೇಳಿದ್ದರೆ ಹೇಳ್ತಿದ್ರು. ಒಂದೇ ಮನೇಲಿ ಇದ್ದೀವಿ. ಕೇಳಲಿಲ್ಲ.

ಎರಡು ವಾರಕ್ಕೆ ಅತ್ತಿಗೆಯನ್ನ ತೆಗೆದರು. ಹನ್ನೊಂದು ವರ್ಷದ ಕೆಲಸ. ಐದು ತಿಂಗಳು ಮನೇಲಿ ಕೂತ್ರು. ಆಮೇಲೆ ಆ ಕಡೆಯವರು ತಗೊಂಡ್ರು — ಶೌಚಾಲಯದ ಪಕ್ಕದ ಕೊನೇ ಕೌಂಟರು. ಅಣ್ಣನಿಗೆ ಗೊತ್ತಿಲ್ಲ. ಅತ್ತಿಗೆಗೆ ಗೊತ್ತಿಲ್ಲ. ನನ್ನ ಲೆಕ್ಕ ತಪ್ಪಿರಲಿಲ್ಲ ಅಂತ ಹೇಳಿಕೊಂಡು ಹದಿನಾಲ್ಕು ತಿಂಗಳು ಕಳೆದೆ. ನಿಧಾನ ಅಂದ್ರೆ ನಿಧಾನವೇ ತಾನೆ?

ಮಾರ್ಚ್ ೧೨, ಬುಧವಾರ

ಇಪ್ಪತ್ತಮೂರು ಜನ ಮುಗಿದರು. ದರ ಎಂಟು. ವೇಳೆ ಆರು — ನಮ್ಮ ಬೆಳಗಿನ ವಿಮಾನ ತೆಗೆದು ಹಾಕಿದ್ದು ದೊಡ್ಡ ತಪ್ಪು, ನಾನೂ ಒಪ್ತೀನಿ. ಊಟ ಮೂರು. ಸೀಟು ಒಂದು. ಇತರೆ ಐದು. ಐದೂ ಕೆಂಪು ದಾರ. ಒಬ್ಬ ವಕೀಲರು "ಅವರು ನನ್ನ ಬೈದ್ರು, ಅದಕ್ಕೇ ಹೋದೆ" ಅಂದ್ರು. ಕೆಮ್ಮಿಕೊಂಡು ಬಂದಿದ್ದಕ್ಕೆ ಬೈದರಂತೆ. ಮನೇಲೂ ಯಾರೂ ಬೈಯೋರಿಲ್ವಂತೆ ಅವರಿಗೆ.

ಇಪ್ಪತ್ತನಾಲ್ಕನೇದು ನಿವೃತ್ತ ಗಣಿತದ ಟೀಚರು. ಎಪ್ಪತ್ತಾರು ವರ್ಷ. ಮಂಡಿ ಚಿಕಿತ್ಸೆಗೆ ತಿಂಗಳಿಗೆ ಎರಡು ಸಲ ಹಾರಾಟ.

"ಐದು ಖಾನೆ ಹೇಳಿದೆ ನೀನು. ನನ್ನ ಉತ್ತರ ಆರನೇದು. ಬರ್ಕೋ."

"ಹೇಳಿ ಮಿಸ್." ಬಾಯಿಗೆ ತಾನಾಗಿ ಬಂತು.

"ಗಾಲಿಕುರ್ಚಿ ಬುಕ್ ಮಾಡೋದು ಬೇರೆ, ಬರೋದು ಬೇರೆ. ಮೊದಲೆಲ್ಲ ಇಳಿದ ಮೇಲೆ ಅರ್ಧ ಗಂಟೆ ಖಾಲಿ ವಿಮಾನದಲ್ಲಿ ಕೂತಿರ್ತಿದ್ದೆ. ಕಸ ಗುಡಿಸೋರು ಕಾಲೆತ್ತಿ ಅಂತಿದ್ರು. ಕನ್ನಡಕಕ್ಕೆ ಕೆಂಪು ದಾರದ ಆ ಹುಡುಗಿಯ ಕೌಂಟರಿಗೆ ಹೋದ ದಿನ ಮಾತ್ರ ಕುರ್ಚಿ ಬಾಗಿಲಲ್ಲೇ. ಹೆಸರು ಹಿಡಿದು ಕರೆಯೋರು. ಇದು ಆಕಸ್ಮಿಕ ಅಲ್ಲ ಅಂತ ನಾಲ್ಕು ಸಲ ಲೆಕ್ಕ ಹಾಕಿ, ಐದನೇ ಸಲ ಕುರ್ಚಿ ತಳ್ಳೋನನ್ನ ಕೇಳಿದೆ. ಏನಂದ ಗೊತ್ತಾ? 'ನೀವು ಹತ್ತಿದ ಊರಿನ ಕೌಂಟರಿಂದ ಫೋನ್ ಬರುತ್ತೆ ಟೀಚರೇ. ಪ್ರತಿ ವಿಮಾನಕ್ಕೂ. ಕುರ್ಚಿ ತಂದು ನಿಲ್ಲಿಸಿದೀನಿ ಅಂತ ಹೇಳೋ ತನಕ ಆ ಮೇಡಂ ಫೋನ್ ಇಡಲ್ಲ.' "

ಪೆನ್ನು ಕೆಳಗಿಟ್ಟೆ.

"ಲೈನಲ್ಲಿ ಇದೀಯೇನಮ್ಮಾ?"

ಇದೀನಿ ಮಿಸ್.

ಮಾರ್ಚ್ ೧೩, ಗುರುವಾರ

ಹಳೇ ಕಡತ ತೆಗೆಸಿದೆ. ನನ್ನದೇ ದುಂಡಗಿನ ಅಕ್ಷರ. ಅತ್ತಿಗೆ ಫೋನ್ ಎತ್ತಿದ ಹೊತ್ತು ಒಂದು ಕಡೆ, ಆ ದಿನ ವಿಮಾನ ಹಾರಿದ ಹೊತ್ತು ಒಂದು ಕಡೆ ಇಟ್ಟೆ. ಹಾರಿದ ಹತ್ತೇ ನಿಮಿಷಕ್ಕೆ ಫೋನು. ಇನ್ನೊಂದು ಹಾರಿದ ಹತ್ತು ನಿಮಿಷಕ್ಕೆ ಇನ್ನೊಂದು. ಮೂರು ಹೊಂದಿಸಿದೆ. ನಾಲ್ಕನೇದಕ್ಕೆ ಕೈ ಬರಲಿಲ್ಲ.

ಆ ಹೊತ್ತಿನಲ್ಲಿ ಅವರು ನಗ್ತಾ ಮಾತಾಡ್ತಿದ್ರು. ನಗ್ತಿದ್ರಲ್ಲ, ಅದಕ್ಕೇ ಖಾಸಗಿ ಅಂದುಕೊಂಡೆ. ಕೆಲಸದಲ್ಲಿ ಯಾರಾದ್ರೂ ನಗ್ತಾರಾ ಅಂತ...

ಛೆ.

ಮಾರ್ಚ್ ೨೦, ಗುರುವಾರ

ಒಂದು ವಾರ ಏನೂ ಬರೀಲಿಲ್ಲ. ಅತ್ತಿಗೆ ಇದ್ದ ಕೋಣೆಯಲ್ಲಿ ಇರೋಕಾಗ್ತಿಲ್ಲ. ಅಣ್ಣ ತನ್ನ ಪಾಡಿಗೆ "ಯಾರೋ ಬಿಸ್ಕತ್ತು ಖಾಲಿ ಮಾಡಿದಾರೆ" ಅಂದ್ರೆ ನಾನು "ಏನು, ಏನಂದೆ?" ಅಂತ ಎದ್ದು ನಿಂತೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋದು ಇದಕ್ಕೇ.

ಇವತ್ತು ಊಟದ ಬಿಡುವಿನಲ್ಲಿ ಆ ಕಡೆಯ ಕೌಂಟರಿನ ಹತ್ತಿರ ಹೋಗಿ ದೂರ ನಿಂತೆ. ಏನು ಮಾಡ್ತಾರೆ ಅಂತ ಸುಮ್ಮನೆ ನೋಡಿದೆ. ಮೊದಲು ಮುಖ ನೋಡ್ತಾರೆ. ಆಮೇಲೆ ಚೀಲ. ಆಮೇಲೆ ಟಿಕೆಟ್. ನಮ್ಮಲ್ಲಿ ಟಿಕೆಟ್ ಬಿಟ್ಟು ಬೇರೇನೂ ನೋಡಲ್ಲ. ಒಬ್ಬ ದೊಡ್ಡ ಮನುಷ್ಯ ಮೇಜು ಗುದ್ದಿ ಕೂಗಾಡ್ತಿದ್ದ. ಅತ್ತಿಗೆ ಪೂರ್ತಿ ಕೇಳಿಸ್ಕೊಂಡು ಏನೋ ಒಂದು ಮಾತು ಅಂದ್ರು. ಆಸಾಮಿ ತಣ್ಣಗಾಗಿ ತನ್ನ ಫೋನ್ ತೆಗೆದು ಯಾವುದೋ ಮಗುವಿನ ಫೋಟೋ ತೋರಿಸೋಕೆ ಶುರು ಮಾಡಿದ. ಏನಂದ್ರೋ ದೇವರಿಗೇ ಗೊತ್ತು. ಹೆಮ್ಮೆ ಆಯ್ತು ನನಗೆ. ನಾಚಿಕೆಯೂ ಆಯ್ತು.

ಮಾರ್ಚ್ ೨೬, ಬುಧವಾರ

ನಲವತ್ತೂ ಮುಗಿಯಿತು. ಸಾಹೇಬ್ರ ಕೋಣೆ.

"ಇತರೆ ಹನ್ನೊಂದಾ? ಇಪ್ಪತ್ತೇಳೂವರೆ ಪರ್ಸೆಂಟ್! ಇತರೆ ಅಂದ್ರೆ ಏನ್ರೀ?"

"ಒಬ್ಬರು ಸರ್."

"ಒಂದು ಪರ್ಸೆಂಟಾ?"

"ಅಲ್ಲ ಸರ್. ಒಬ್ಬ ಮನುಷ್ಯರು. ಹನ್ನೊಂದು ಜನ ಅವರ ಹಿಂದೆ ಹೋಗಿದಾರೆ."

ಹಳೇ ಹಾಳೆ ಮುಂದಿಟ್ಟೆ. 'ಖಾಸಗಿ ಫೋನ್' ಮೇಲೆ ಬೆರಳಿಟ್ಟು, ಇದು ಸುಳ್ಳು, ಬರೆದವಳು ನಾನು ಅಂದೆ. ಟೀಚರ ಮಾತು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ ಅವರು. ಹಾವೂ ಸಾಯಬೇಕು, ಕೋಲೂ ಮುರೀಬಾರದು ಅನ್ನೋ ಜಾತಿ.

"ಇತರೆ ಅನ್ನೋದನ್ನ ದರಕ್ಕೆ ಸೇರಿಸಿಬಿಡಿ. ಯಾರಿಗೂ ನಷ್ಟ ಇಲ್ಲ. ಮುಂದಿನ ತಿಂಗಳು ಆ ಕುರ್ಚಿ ನಿಮ್ಮದು. ಇದನ್ನ ಹೀಗೇ ಮೇಲಕ್ಕೆ ಕಳಿಸಿದ್ರೆ, ತಪ್ಪು ಎಣಿಸಿದವರನ್ನ ಎಣಿಸೋ ಕೆಲಸಕ್ಕೇ ಮುಖ್ಯಸ್ಥೆ ಮಾಡೋದು ಹೇಗೆ, ನೀವೇ ಹೇಳಿ."

ನಾಳೆ ಹೇಳ್ತೀನಿ ಅಂದೆ. ಹೊರಗೆ ಬಂದು ಆ ಕುರ್ಚಿ ನೋಡಿದೆ. ಕಿಟಕಿ ಪಕ್ಕದ್ದು. ಒಂಬತ್ತು ವರ್ಷದಿಂದ ನೋಡ್ತಿದೀನಿ.

ಮಾರ್ಚ್ ೨೭

ಹೀಗೇ ಕಳಿಸಿ ಸರ್ ಅಂದೆ.

ಮಾರ್ಚ್ ೨೮, ಶುಕ್ರವಾರ

ಕುರ್ಚಿ ಪಕ್ಕದ ಮೇಜಿನವಳಿಗೆ. ಸಿಹಿ ಹಂಚಿದಳು, ತಿಂದೆ. ಹೊಟ್ಟೆ ಉರೀತು, ಇಲ್ಲ ಅನ್ನಲ್ಲ.

ಆದರೆ ಸಾಹೇಬ್ರು ಒಂದು ಕೆಲಸ ಮಾಡಿದಾರೆ. ಅತ್ತಿಗೆಯ ದಾಖಲೆ ತಿದ್ದೋಕೆ ಪತ್ರ ತಯಾರಾಗಿದೆ. 'ಸದರಿ ದಿನ ನಲವತ್ತೊಂದು ನಿಮಿಷಗಳ ಎಲ್ಲಾ ಫೋನ್ ಕರೆಗಳೂ ಪ್ರಯಾಣಿಕರ ಸಲುವಾಗಿ ಮಾಡಿದ್ದು, ಎಣಿಸಿದವರ ತಪ್ಪು.' ಕೆಳಗೆ ನನ್ನ ಸಹಿ. ಪಕ್ಕದಲ್ಲಿ ಅತ್ತಿಗೆಯ ಸಹಿ ಬೇಕು. ಅಂದ್ರೆ ನಾನೇ ಕೊಡಬೇಕು. ಬಾಯಿಬಿಟ್ಟು ಹೇಳಬೇಕು.

ಇವತ್ತು ಆಗಲಿಲ್ಲ. ನಿನ್ನೆಯ ಧೈರ್ಯ ನಿನ್ನೆಗೇ ಮುಗಿದಿತ್ತು.

ಮಾರ್ಚ್ ೩೦, ಭಾನುವಾರ, ಬೆಳಿಗ್ಗೆ ೧೧

ಹೇಳಿದೆ.

ಅಣ್ಣ ಕ್ಷೌರಕ್ಕೆ ಹೋಗಿದ್ದ. ಅತ್ತಿಗೆ ತಾರಸಿ ಮೇಲೆ ಬಟ್ಟೆ ಒಣಗಿಸ್ತಿದ್ರು. ಪತ್ರ ಕೊಟ್ಟೆ. ಕೈ ಸೀರೆಗೆ ಒರೆಸ್ಕೊಂಡು, ಕನ್ನಡಕ ಏರಿಸಿ ಓದಿದ್ರು. ಎರಡು ಸಲ.

"ಆವತ್ತು ಎಣಿಸಿದವಳು ನಾನೇ ಅತ್ತಿಗೆ. ಖಾಸಗಿ ಅಂತ ಬರೆದವಳೂ ನಾನೇ."

"ಗೊತ್ತು ಕಣೆ."

"...ಯಾವಾಗಿಂದ?"

"ಆವತ್ತಿಂದಲೇ. ಕಂಬದ ಹಿಂದೆ ನಿಂತಿದ್ಯಲ್ಲ. ಕಂಬ ನಿನಗಿಂತ ಸಣ್ಣ ಕಣೆ." ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಆಮೇಲೆ ತೆಗೆಯೋ ದಿನ ಆ ಹಾಳೆ ತೋರಿಸಿದ್ರು. ನಿನ್ನ ಅಕ್ಷರ ನನಗೆ ಗೊತ್ತಿಲ್ವಾ?"

"ಕೋಪ ಬರಲಿಲ್ವಾ?"

"ಬಂತು. ಮನೇಲಿ ಕೂತ ಐದು ತಿಂಗಳು ದಿನಾ ಬಂತು. ಈಗಲೂ ಒಂದೊಂದ್ಸಲ ಬರುತ್ತೆ. ಬರಲ್ಲ ಅಂದ್ರೆ ನಂಬ್ತೀಯಾ? ಆದ್ರೆ ಒಂದೇ ಮನೆ, ಒಂದೇ ಒಲೆ. ನಿನಗೆ ಬಡಿಸದೆ ನಾನು ಉಣ್ಣೋದು ಹೇಗೆ?"

ಅತ್ತುಬಿಟ್ಟೆ. ಬೀದಿಯವರಿಗೆಲ್ಲ ಕೇಳಿಸೋ ಹಾಗೆ ಅತ್ತೆ. ಅವರು ತಡೀಲಿಲ್ಲ. ಉಳಿದ ಎರಡು ಬಟ್ಟೆ ತಂತಿಗೆ ಹಾಕಿ, ಕ್ಲಿಪ್ ಸಿಕ್ಕಿಸಿ, "ಪೆನ್ನು ಕೊಡು" ಅಂದ್ರು.

ಸಹಿ ಹಾಕ್ತಾರೆ ಅಂದುಕೊಂಡೆ. 'ನಲವತ್ತೊಂದು' ಅನ್ನೋದರ ಮೇಲೆ ಗೆರೆ ಎಳೆದು 'ಮೂವತ್ತೈದು' ಅಂತ ಬರೆದ್ರು.

"ಅಯ್ಯೋ, ಯಾಕೆ ಅತ್ತಿಗೆ?"

"ಆರು ನಿಮಿಷ ನನ್ನ ಸ್ವಂತದ್ದು. ನಿಮ್ಮಣ್ಣನಿಗೆ ಮಾಡಿದ್ದೆ. ಸುಳ್ಳಿಗೆ ಸಹಿ ಹಾಕಲ್ಲ ನಾನು."

"ಅಣ್ಣನಿಗಾ? ಏನಕ್ಕೆ?"

"ನೀನು ಬೆಳಿಗ್ಗೆ ಆರರಿಂದ ನಿಂತಿದ್ದೆ. ಏನೂ ತಿಂದ ಹಾಗೆ ಕಾಣಲಿಲ್ಲ. ಒಂದು ಡಬ್ಬಿ ತಗೊಂಡು ಬಂದು ಕೊಡಿ, ನಾನು ಹೇಳಿದೆ ಅನ್ಬೇಡಿ, ಅವಳಿಗೆ ಮುಜುಗರ ಆಗುತ್ತೆ ಅಂದೆ. ಅವರು ಒಂದೇ ಮಾತಿಗೆ ತಿಳ್ಕೊಳ್ಳೋ ಪೈಕಿನಾ? ಯಾಕೆ ಏನು ಅಂತ ಕೇಳಿ ಆರು ನಿಮಿಷ ತಿಂದ್ರು."

ಸಹಿ ಹಾಕಿ, ಬಕೆಟ್ ತಗೊಂಡು ಇಳಿದು ಹೋದ್ರು.

ನೆನಪಿದೆ. ಅಣ್ಣ ಬಂದಿದ್ದ. ಈ ಕಡೆ ಕೆಲಸ ಇತ್ತು, ಹಾಗೇ ತಂದೆ ಅಂದಿದ್ದ. ಎಷ್ಟು ಹಸಿದಿತ್ತು ಅಂದ್ರೆ, ಡಬ್ಬಿ ಕಳಿಸಿದ್ದು ಯಾರು ಅಂತ ಕೂಡ ಕೇಳಲಿಲ್ಲ. ಕಂಬದ ಹಿಂದೆಯೇ ಕೂತು ಪೂರ್ತಿ ತಿಂದೆ. ಕೈ ತೊಳೆದೆ. ಒರೆಸ್ಕೊಂಡು, ಪೆನ್ನು ತೆಗೆದು, ಅತ್ತಿಗೆ ಹೆಸರಿನ ಎದುರಿಗೆ 'ಖಾಸಗಿ ಫೋನ್' ಅಂತ ಬರೆದೆ.