ಒಂದನೇ ಸಾಕ್ಷಿಯಾದ ಅಕ್ಕನಿಗೆ

ಅಕ್ಕ,

ಇದನ್ನು ನಿನಗೆ ಕಳಿಸುವ ಹಾಗಿಲ್ಲ. ಸಾಕ್ಷಿಗೆ ಒಂದು ಸಾಲು ಬರೆದರೂ ಜಾಮೀನು ರದ್ದಾಗಬಹುದು ಅಂತ ವಕೀಲರು ಗದರಿದ್ದಾರೆ.

ಇವತ್ತು ಕೋರ್ಟಿನಲ್ಲಿ ಆರೋಪ ಓದಿ ಹೇಳಿದರು. ಕಾರನ್ನು ಅಡ್ಡಾದಿಡ್ಡಿ ಓಡಿಸಿ ಸೈಕಲ್ಲಿನವರ ಕಾಲು ಮುರಿದವಳು ನಾನಂತೆ. ಒಪ್ಪಿಕೊಂಡುಬಿಡೋಣ ಅಂತಲೇ ಮನೆಯಿಂದ ಹೊರಟಿದ್ದೆ. ಸ್ಟಿಯರಿಂಗ್ ಹಿಡಿದಿದ್ದು ನೀನು ಅಂತ ತಿಳಿದರೆ ನಿನ್ನ ಶಾಲಾ ವ್ಯಾನಿನ ಕೆಲಸ ಹೋಗುತ್ತದೆ ಅಂತ ಪೊಲೀಸರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಕಾರು ನನ್ನದು, ಅದಕ್ಕೇ ಕೇಸು ನನ್ನ ಮೇಲೆ ಬಂತು ಅಂದುಕೊಂಡಿದ್ದೆ.

ಒಳಗೆ ಕರೆಯುವ ಮುಂಚೆ ವರಾಂಡದಲ್ಲಿ ವಕೀಲರು ನಿನ್ನ ಹೇಳಿಕೆ ಓದಿದರು. "ತಂಗಿನೇ ಓಡಿಸ್ತಿದ್ದಳು. ನಿಧಾನ ಹೋಗೇ ಅಂದೆ, ಕೇಳಲಿಲ್ಲ." ಮೊದಲನೆಯ ಮಾತಿಗಿಂತ ಎರಡನೆಯದೇ ಚುಚ್ಚಿತು. ನಿಧಾನ ಹೋಗು ಅಂತ ಬಡಕೊಂಡವಳು ನಾನಲ್ಲವೇನೇ?

"ಆರೋಪ ಅರ್ಥ ಆಯ್ತೇನಮ್ಮ?" ಅಂತ ನ್ಯಾಯಾಧೀಶರು ಕೇಳಿದರು. "ತಪ್ಪು ಒಪ್ಕೋತೀರಾ? ಒಪ್ಪಲೇಬೇಕು ಅಂತ ಬಲವಂತ ಇಲ್ಲ. ಸಾಬೀತು ಮಾಡಬೇಕಾದ್ದು ಸರ್ಕಾರಿ ವಕೀಲರ ಕೆಲಸ."

"ಒಪ್ಪಲ್ಲ ಸ್ವಾಮಿ," ಅಂದೆ.

ಹೊರಗೆ ಬಂದಮೇಲೆ ನಡೆದಿದ್ದನ್ನೆಲ್ಲ ನಮ್ಮ ವಕೀಲರಿಗೆ ಹೇಳಿದೆ. ಅವರು ದನಿ ತಗ್ಗಿಸಿದರು. "ನಿಮ್ಮಕ್ಕನ ಪಾಟಿ ಸವಾಲು ನಾನೇ ಮಾಡಬೇಕು. ಓಡಿಸಿದ್ದು ನೀವೇ ಅಲ್ವಾ ಅಂತ ಅವರನ್ನ ನೇರವಾಗಿ ಕೇಳಿಬಿಡಲಾ? ಯೋಚನೆ ಮಾಡಿ ಹೇಳಿ."

ಚಿಕ್ಕವಳಿದ್ದಾಗ ನಾನು ಒಡೆದ ಸಾಮಾನನ್ನೆಲ್ಲ ನೀನು ನಿನ್ನ ತಲೆ ಮೇಲೆ ಹಾಕಿಕೊಳ್ಳುತ್ತಿದ್ದೆ. ಅದು ನೆನಪಾಯಿತು.

ಆದರೂ "ಕೇಳಿಬಿಡಿ," ಅಂದೆ.

ಸಾಕ್ಷಿ ನುಡಿಯುವಾಗ ಎದುರಿಗಿರುವುದು ಆರೋಪಿಯ ಹಕ್ಕಂತೆ. ಅವತ್ತು ನಾನು ಬರುತ್ತೇನೆ ಅಕ್ಕ. ನಿನಗೆ ನನ್ನ ಮುಖ ಕಾಣುವ ಕಡೆಯೇ ನಿಂತಿರುತ್ತೇನೆ.

ನಿನ್ನ ತಂಗಿ