ಹದಿಮೂರನೆಯ ಹಾಡು

ಮಾಸಾನ್
ನವೆಂಬರ್ ೨, ೨೦೨೩

ಮಗಳು ಯುನ್‌ಮಿಗೆ,

ನಾನು ಚೆನ್ನಾಗಿದ್ದೇನೆ. ನೀನು, ಅಳಿಯಂದಿರು, ಹಾರಿನ್ ಕ್ಷೇಮವೆಂದು ನಂಬಿದ್ದೇನೆ. ನಾನು ಫೋನು ಎತ್ತುವುದಿಲ್ಲವೆಂದು ನೀನು ಕಾಗದವನ್ನೇ ಬರೆದು ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದು ನನ್ನ ತಪ್ಪು. ಹೋಟೆಲಿನ ಕೆಲಸವೆಂದು ನೆಪ ಹೇಳುವುದಿಲ್ಲ.

ಈ ಸಲ ಚಳಿಗಾಲಕ್ಕೆ ಕೋಸಿನ ಕಿಮ್ಚಿ ಹಾಕುವುದಕ್ಕೆ ಬರುವುದಿಲ್ಲ ಎಂದಿದ್ದೀಯ. ಮದುವೆಯಾದ ಮೇಲೆ ನೀನು ಒಂದು ವರ್ಷವೂ ತಪ್ಪಿಸಿದವಳಲ್ಲ. ನೂರಿಪ್ಪತ್ತು ಎಲೆಕೋಸಿಗೆ ಹೇಳಿಟ್ಟಿದ್ದೇನೆ. ನಿನ್ನ ಅತ್ತಿಗೆಗೆ ಖಾರದ ಹದ ಇನ್ನೂ ಕೈಗೆ ಹತ್ತಿಲ್ಲ. ಇದು ದೂರಲ್ಲ, ಸುದ್ದಿ.

ಚುಸೊಕ್ ಹಬ್ಬದ ದಿನ ನಾನು ಮೊಮ್ಮಗಳು ಹಾರಿನ್‌ಳನ್ನು ಎಲ್ಲರೆದುರು ಗದರಿದ್ದನ್ನು ನೀನು ಮರೆತಿಲ್ಲ. ನಾನೂ ಮರೆತಿಲ್ಲ. ಹನ್ನೊಂದು ವರ್ಷದ ಹುಡುಗಿ ನನ್ನ ಹರೆಯದ ಹಾಡುಗಳನ್ನು ಹುಡುಕಿ, ಎಲ್ಲಿಂದಲೋ ಖಾಲಿ ಕ್ಯಾಸೆಟ್ ತಂದು ತುಂಬಿಸಿ, ಹೊದಿಕೆಗೆ ತಾನೇ ಚಿತ್ರ ಬರೆದು ಕೊಟ್ಟಿದ್ದಳು.

ಅವಳಿಗೆ ಆ ಹಾಡುಗಳ ಕಥೆ ಹೇಳಿದವಳು ನಾನೇ. ನಿನಗೆ ಎಂದೂ ಹೇಳಲಿಲ್ಲ, ನೀನು ಚಿಕ್ಕವಳಿದ್ದಾಗ ನನಗೆ ಪುರುಸೊತ್ತಿರಲಿಲ್ಲ. ಕಾರ್ಖಾನೆಯ ಹಾಸ್ಟೆಲಿನಲ್ಲಿ ಕೋಣೆಗೆ ಆರು ಹುಡುಗಿಯರು. ಎಂಬತ್ತೊಂದರಲ್ಲಿ ಅವರಲ್ಲೊಬ್ಬಳು, ಗುಮ್‌ಜಾ, ಒಂದು ಕ್ಯಾಸೆಟ್ ತಂದಳು. ಆ ವರ್ಷ ಜನರ ಬಾಯಲ್ಲಿದ್ದ ಹನ್ನೆರಡು ಹಾಡು, ಹನ್ನೆರಡು ಗಾಯಕರದು. ಒಬ್ಬೊಬ್ಬರ ಕ್ಯಾಸೆಟ್ಟನ್ನೂ ಕೊಳ್ಳುವ ಶಕ್ತಿ ನಮಗೆಲ್ಲಿತ್ತು? ಬೆಳಗಿನ ಪಾಳಿಗೆ ಏಳುವಾಗ ಅದನ್ನು ಹಾಕುತ್ತಿದ್ದೆವು. ಒಂದು ಹಾಡು ಮುಗಿಯುತ್ತಲೇ ಮುಂದಿನದರ ಮೊದಲ ಸ್ವರ ನಮ್ಮ ತಲೆಯಲ್ಲಿ ಆಗಲೇ ಬಂದಿರುತ್ತಿತ್ತು.

ಕೊನೆಯಲ್ಲಿ ಹದಿಮೂರನೆಯದೊಂದು ಇತ್ತು. ಆಗೆಲ್ಲ ಪ್ರತಿ ಕ್ಯಾಸೆಟ್ಟಿನಲ್ಲೂ ಸರ್ಕಾರದ ಅಪ್ಪಣೆಯಂತೆ ಒಂದು ಸದಭಿರುಚಿಯ ಹಾಡು ಇರಲೇಬೇಕಿತ್ತು. ದುಡಿಮೆ, ನಾಡು, ಒಗ್ಗಟ್ಟು, ಎಲ್ಲ ಕವಾಯಿತಿನ ತಾಳದಲ್ಲಿ. ಹುಡುಗಿಯರು ಅದು ಶುರುವಾಗುತ್ತಲೇ ನಿಲ್ಲಿಸಲು ಕೈ ಚಾಚುತ್ತಿದ್ದರು. ಕೋಣೆಗೆ ಹಿರಿಯಳು ನಾನು, ಬಿಡುತ್ತಿರಲಿಲ್ಲ.

“ಓಡ್ಲಿ ಬಿಡ್ರೇ. ಅದು ಮುಗಿಯೋದ್ರೊಳಗೆ ಆರು ಹಾಸಿಗೇನೂ ಮಡಚಿರ್ಬೇಕು.”

“ನೋಡ್ರೇ, ಸರ್ಕಾರಾನೇ ಎದ್ದು ಬಂತು, ತಲೆ ಕೂಡ ಬಾಚಿಲ್ಲ” ಎಂದು ಗುಮ್‌ಜಾ ಅಣಕಿಸುತ್ತಿದ್ದಳು.

ಹಾರಿನ್ ಇದನ್ನು ನೆನಪಿಟ್ಟುಕೊಂಡು ಆ ಹಾಡನ್ನೂ ಹುಡುಕಿ ಕೊನೆಗೆ ಸೇರಿಸಿದ್ದಳೆಂದು ನಿನ್ನ ಕಾಗದದಲ್ಲಿ ಓದಿದೆ. ಅದು ಬಂದಾಗ ನಿನ್ನಣ್ಣ ಜೇಉಕ್ ಎದ್ದು ಕೋಣೆಯೊಳಗೇ ಕವಾಯಿತು ಹಾಕಿದ. ನೀವೆಲ್ಲ ನಕ್ಕಿರಿ. ಮಗು ನನ್ನ ಮುಖವನ್ನೇ ನೋಡುತ್ತಿತ್ತು. ನಾನು, “ಆರಿಸು ಆ ಗದ್ದಲಾನ. ನನ್ನನ್ನ ಆಡ್ಕೊಳ್ಳೋಕೆ ಇಷ್ಟು ದೂರ ಬಂದ್ರಾ?” ಎಂದೆ. ಬಾಯಲ್ಲಿ ಅಕ್ಕಿಕಡುಬು ಇಟ್ಟುಕೊಂಡೇ ಅವಳು ಅತ್ತಳು. ನೀನು ಕೋಟು ಹಾಕಿಕೊಳ್ಳುತ್ತ, “ಅಮ್ಮ, ನಿಂಗೆ ಮಕ್ಕಳು ಮೊಮ್ಮಕ್ಕಳು ಬೇಕಿಲ್ಲ, ಕೆಲಸದವ್ರಿದ್ರೆ ಸಾಕು” ಎಂದೆ. ಆ ಮಾತನ್ನೂ ನಿನ್ನ ಕಾಗದದಲ್ಲೇ ಓದಿದೆ.

ಇಪ್ಪತ್ತೈದನೆಯ ತಾರೀಖು ಶನಿವಾರ ಕೋಸಿಗೆ ಉಪ್ಪು ಹಾಕುತ್ತೇವೆ. ಬರುವುದು ಬಿಡುವುದು ನಿನಗೆ ಸೇರಿದ್ದು. ಚಳಿಗಾಲವೆಲ್ಲ ನಿಮ್ಮ ಮನೆಯ ನೆಲ ಬೆಚ್ಚಗಿರಲಿ, ಅಳಿಯಂದಿರ ಸೊಂಟನೋವು ಇಳಿಯಲಿ, ಹಾರಿನ್ ನಿನಗಿಂತ ಎತ್ತರ ಬೆಳೆಯಲಿ.

ನಿನ್ನ ತಾಯಿ,
ಟಾಕ್ ಸುನ್‌ನಾಮ್

ಮತ್ತೆ: ಈ ವಸಂತದಲ್ಲಿ ನನ್ನ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಗೆ ಹತ್ತಿರ ಕೂತು ಒಬ್ಬರೇ ಆಡಿದ ಮಾತು ಮಾತ್ರ ಕೇಳುತ್ತದೆ. ಹೋದದ್ದು ಮರಳುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಜೇಉಕ್‌ಗೆ ಗೊತ್ತಾದರೆ ನನ್ನನ್ನು ಹೋಟೆಲಿನ ಒಲೆಯ ಮುಂದಿನಿಂದ ಎಬ್ಬಿಸುತ್ತಾನೆ, ಅದಕ್ಕೇ ಯಾರಿಗೂ ಹೇಳಲಿಲ್ಲ. ಫೋನು ಎತ್ತದ್ದೂ ಅದಕ್ಕೇ. ಅವತ್ತು ನನಗೆ ಒಂದು ಹಾಡೂ ಕೇಳಿಸಲಿಲ್ಲ, ಬರೀ ಗುಂಯ್ ಎನ್ನುವ ಸದ್ದು. ನೀವೆಲ್ಲ ನನ್ನತ್ತ ನೋಡಿ ನಗುವುದು ಕಾಣಿಸಿತು. ಕಿವುಡಿಯೆಂದು ಗೊತ್ತಾಗಿಹೋಯಿತು, ಪರೀಕ್ಷಿಸಿ ನಗುತ್ತಿದ್ದಾರೆ ಎಂದುಕೊಂಡೆ. ಇದನ್ನು ಹಾರಿನ್‌ಗೆ ನೀನು ಹೇಳಬೇಡ. ಅವಳನ್ನು ಕರೆತಂದು ನನ್ನ ಬಲಗಡೆ ಕೂರಿಸು. ತಪ್ಪಾಯಿತು ಎನ್ನುವುದನ್ನು ನಾನೇ ಹೇಳಬೇಕು. ಅವಳು ಏನೆನ್ನುತ್ತಾಳೋ ಅದನ್ನೂ ನಾನೇ ಕೇಳಬೇಕು.